ನಾನು ತೆಗೆದ ಎರಡನೇ ಸುತ್ತು

ಎರಡನೇ ಸುತ್ತನ್ನು ತೆಗೆದವನು ನಾನು. ಅದರಿಂದ ಒಬ್ಬ ಹೆಂಗಸು ಕೆಲಸ ಕಳೆದುಕೊಂಡರು. ಕೆಲಸಕ್ಕಿಂತ ಹೆಚ್ಚಾಗಿ ಹೆಸರು ಕಳೆದುಕೊಂಡರು. ಈ ಎರಡರ ನಡುವೆ ನಡೆದದ್ದನ್ನು ಇದುವರೆಗೆ ಮೂರ್ನಾಲ್ಕು ಜನರಿಗೆ ಹೇಳಿದ್ದೇನೆ. ಹೇಳಿದಷ್ಟು ಸಲವೂ ಅದು ಇನ್ನಷ್ಟು ಅಚ್ಚುಕಟ್ಟಾಗುತ್ತ ಬಂದಿದೆ, ಅಚ್ಚುಕಟ್ಟಾದಷ್ಟೂ ನನ್ನ ತಪ್ಪು ಅದರೊಳಗೆ ಸಣ್ಣದಾಗಿದೆ. ಆದ್ದರಿಂದ ಇಲ್ಲಿ ಒಂದು ನಿಯಮ ಹಾಕಿಕೊಂಡಿದ್ದೇನೆ. ಬರೆದದ್ದನ್ನು ಹೊಡೆದುಹಾಕುವುದಿಲ್ಲ. ಸುಳ್ಳು ಎಂದು ಕಂಡರೆ ಅದರ ಕೆಳಗೇ ಸುಳ್ಳು ಎಂದು ಬರೆದು ಮುಂದೆ ಹೋಗುತ್ತೇನೆ. ನಾನು ಕಟ್ಟಿದ ದಾಖಲೆಯ ನಿಯಮವೂ ಅದೇ ಆಗಿತ್ತು: ಸೇರಿಸಬಹುದು, ಅಳಿಸುವಂತಿಲ್ಲ.

ಶಿವಮೊಗ್ಗದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಮನೆ ವಿನೋಬನಗರದಲ್ಲಿ. ನನ್ನ ವಿಷಯ ಒಮ್ಮತ. ಮನುಷ್ಯರದ್ದಲ್ಲ, ಕಂಪ್ಯೂಟರುಗಳದ್ದು. ಬೇರೆ ಬೇರೆ ಕಡೆ ಕೂತ ಕೆಲವು ಕಂಪ್ಯೂಟರುಗಳಿಗೆ ಒಂದರ ಮೇಲೊಂದಕ್ಕೆ ಪೂರ್ತಿ ನಂಬಿಕೆಯಿಲ್ಲ. ಒಂದು ಕೆಟ್ಟು ನಿಲ್ಲಬಹುದು, ಇನ್ನೊಂದು ಸುಳ್ಳೇ ಹೇಳಬಹುದು. ಆದರೂ ಎಲ್ಲವೂ ಒಂದೇ ದಾಖಲೆಯನ್ನು ಒಂದೇ ಕ್ರಮದಲ್ಲಿ ಬರೆದುಕೊಳ್ಳಬೇಕು. ಬ್ಲಾಕ್‌ಚೈನ್ ಎಂದು ಜನ ಹೇಳುವುದರ ಹೊಟ್ಟೆಯೊಳಗೆ ಇರುವುದು ಇಷ್ಟೇ. ಸ್ಟಾಫ್ ರೂಮಿನಲ್ಲಿ ಇದನ್ನು ವಿವರಿಸಿ ಸೋತಿದ್ದೆ. ಸಿವಿಲ್ ವಿಭಾಗದ ಗೆಳೆಯನೊಬ್ಬ ದಿನಾ ಟೀ ಹೊತ್ತಿಗೆ, "ನಿನ್ ಕಾಯಿನ್ ಇವತ್ತು ಏರ್ತಾ ಇಳೀತಾ ಮಾರಾಯ," ಎಂದು ಕೇಳುತ್ತಿದ್ದ. ನನ್ನ ಹತ್ತಿರ ಯಾವ ಕಾಯಿನ್ನೂ ಇರಲಿಲ್ಲ. ಇದ್ದದ್ದು ಒಂದು ಆಸೆ. ಈ ಒಮ್ಮತದ ಕ್ರಮವನ್ನು ಡಿಪ್ಲೊಮಾ ಹುಡುಗರಿಗೂ ಅರ್ಥವಾಗುವಷ್ಟು ಸರಳ ಮಾಡಬೇಕು, ಒಂದೇ ಪುಟದಲ್ಲಿ ಹಿಡಿಸಬೇಕು.

ಹಳೆಯ ಕ್ರಮಗಳಲ್ಲಿ ಎರಡು ಸುತ್ತು ಇರುತ್ತದೆ. ಮೊದಲ ಸುತ್ತಿನಲ್ಲಿ ಪ್ರತಿ ಕಂಪ್ಯೂಟರೂ "ನಾನು ಒಪ್ಪಿದ್ದೇನೆ" ಎಂದು ಸಹಿ ಮಾಡುತ್ತದೆ. ಎರಡನೆಯದರಲ್ಲಿ "ಸಾಕಷ್ಟು ಮಂದಿ ಒಪ್ಪಿದ್ದನ್ನು ನಾನು ನೋಡಿದ್ದೇನೆ" ಎಂದು ಮತ್ತೆ ಸಹಿ ಮಾಡುತ್ತದೆ. ಕೇಳಿದರೆ ಒಂದೇ ಮಾತನ್ನು ಎರಡು ಸಲ ಹೇಳಿದ ಹಾಗೆ. ಮೊದಲನೆಯದು ಒಪ್ಪಿಗೆ, ಎರಡನೆಯದು ಆ ಒಪ್ಪಿಗೆಯ ಸುದ್ದಿ ತಲುಪಿತು ಎಂಬುದಕ್ಕೆ ರಸೀದಿ. ಸುದ್ದಿ ತಲುಪುವ ಮೊದಲೇ ಯಾರೂ "ಮುಗಿಯಿತು" ಎನ್ನಬಾರದು ಎಂದು ಆ ರಸೀದಿ. ಇದನ್ನು ನಾನು ವರ್ಷವರ್ಷವೂ ಕರಿಹಲಗೆಯ ಮೇಲೆ ಬರೆದಿದ್ದೇನೆ. ಗೊತ್ತಿಲ್ಲದೆ ತೆಗೆದೆ ಎನ್ನುವ ದಾರಿ ನನಗಿಲ್ಲ.

ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ನಾಲ್ಕು ಸಣ್ಣ ಫೌಂಡ್ರಿಗಳವರು ಸೇರಿ ಒಂದು ಲ್ಯಾಬ್ ಇಟ್ಟುಕೊಂಡಿದ್ದರು. ಒಂದೊಂದು ಸಲ ಕುಲುಮೆಯಲ್ಲಿ ಕಬ್ಬಿಣ ಕರಗಿಸಿದ್ದಕ್ಕೂ ಅವರು ಒಂದು ಹೀಟ್ ಎನ್ನುತ್ತಾರೆ, ಅದಕ್ಕೊಂದು ನಂಬರ್. ಪ್ರತಿ ಹೀಟಿನಿಂದ ಬಿಲ್ಲೆಯಂಥ ಒಂದು ತುಂಡು ಲ್ಯಾಬಿಗೆ ಬರುತ್ತದೆ. ಅದರ ಮುಖ ಉಜ್ಜಿ, ಸ್ಪೆಕ್ಟ್ರೋ ಎಂಬ ಯಂತ್ರದ ಮೇಲಿಟ್ಟು ಕಿಡಿ ಹಾರಿಸಿದರೆ ಯಾವ ಧಾತು ಎಷ್ಟಿದೆ ಎಂಬ ಲೆಕ್ಕ ಪರದೆಯ ಮೇಲೆ ಬರುತ್ತದೆ. ಅವರ ಮಾತಿನಲ್ಲಿ ಅದು ಸ್ಯಾಂಪಲ್ ಸುಡುವುದು. ಲೆಕ್ಕ ಸರಿಯಿದ್ದರೆ ಸರ್ಟಿಫಿಕೇಟ್, ಸರ್ಟಿಫಿಕೇಟ್ ಇದ್ದರೆ ಗಾಡಿ ಹೊರಡುತ್ತದೆ.

ಸುಡುವ ಕೆಲಸ ಮಾಡುತ್ತಿದ್ದವರು ಭದ್ರಾವತಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಕೆಮಿಸ್ಟ್. ನಲವತ್ತರ ಆಚೆ ಈಚೆ. ಅಲ್ಲಿನ ಉಕ್ಕಿನ ಕಾರ್ಖಾನೆಯ ನ್ಯೂಟೌನ್ ಕ್ವಾರ್ಟರ್ಸಿನಲ್ಲಿ ಬೆಳೆದವರು. ಮನೆಯಲ್ಲಿ ತಮಿಳು, ಲ್ಯಾಬಿನಲ್ಲಿ ಕನ್ನಡ, ಕುಲುಮೆಯ ಬಿಹಾರಿ ಕೆಲಸಗಾರರೊಡನೆ ಹಿಂದಿ. ತಂದೆಯೂ ಆ ಕಾರ್ಖಾನೆಯ ಲ್ಯಾಬಿನವರೇ. ಎಲ್ಲರಿಗೂ ಅವರು ಮೇಡಂ. ಅನುಮಾನ ಬಂದರೆ ಮುಖ ಇನ್ನೊಮ್ಮೆ ಉಜ್ಜಿ ಮತ್ತೆ ಸುಡುವುದು ತಂದೆಯಿಂದ ಕಲಿತ ಅಭ್ಯಾಸ ಎಂದು ಒಮ್ಮೆ ಹೇಳಿದ್ದರು. ಹೊರ ಊರಿನ ಪಂಪು ಕಂಪನಿಯವರು, ನಿಮ್ಮಲ್ಲಿ ಸರ್ಟಿಫಿಕೇಟುಗಳು ಆಮೇಲೆ ತಿದ್ದುಪಡಿಯಾಗುತ್ತವೆ ಎಂದು ಒಮ್ಮೆ ಆಕ್ಷೇಪ ಎತ್ತಿದ್ದರು. ತಿದ್ದಲಾಗದ ಒಂದು ದಾಖಲೆ ಬೇಕು ಎಂದು ನಾಲ್ವರೂ ಹುಡುಕುತ್ತಿದ್ದಾಗ ಅವರ ಕಣ್ಣಿಗೆ ಬಿದ್ದವನು ನಾನು.

ನಾಲ್ವರಲ್ಲಿ ಹಿರಿಯರನ್ನು ಎಲ್ಲರೂ ಯಜಮಾನರು ಎನ್ನುತ್ತಿದ್ದರು. ಹಣೆಯ ಮೇಲೆ ವಿಭೂತಿ, ಜೇಬಿನಲ್ಲಿ ಎರಡು ಫೋನು. ಅವರ ಮಾತು ಮುಗಿಯುವವರೆಗೆ ಉಳಿದ ಮೂವರು ಟೀ ಲೋಟ ಎತ್ತುತ್ತಿರಲಿಲ್ಲ. ನಾನು ಅವರಿಗೆ ವಿವರಿಸಿದ್ದು ಹೀಗೆ. ನಾಲ್ಕು ಫೌಂಡ್ರಿಗೂ ಒಂದೊಂದು ಕಂಪ್ಯೂಟರ್. ಮೇಡಂ ರೀಡಿಂಗ್ ಹಾಕುತ್ತಾರೆ, ಯಾರ ಪಾಳಿಯೋ ಆ ಕಂಪ್ಯೂಟರ್ ಅದನ್ನು ಉಳಿದವರ ಮುಂದಿಡುತ್ತದೆ. ಪ್ರತಿ ಫೌಂಡ್ರಿಯ ಸೂಪರ್‌ವೈಸರ್ ನೋಡಿ "ಒಪ್ಪಿಗೆ" ಒತ್ತಬೇಕು. ನಾಲ್ಕರಲ್ಲಿ ಮೂರು ಸಹಿ ಬಂದರೆ ಅದು ಸ್ಥಿರ. ಒಂದು ಕಂಪ್ಯೂಟರ್ ಕೆಟ್ಟರೂ, ಒಬ್ಬರು ಸುಳ್ಳು ಹೇಳಿದರೂ ನಡೆಯುತ್ತದೆ. ಹೊತ್ತು ಮೀರಿದರೆ ಆ ಪ್ರಸ್ತಾಪ ಬಿದ್ದುಹೋಗುತ್ತದೆ, ಪಾಳಿ ಮುಂದಿನವರದು.

ಆಮೇಲೆ ಎರಡನೇ ಸುತ್ತಿನ ವಿಷಯ ಹೇಳಿದೆ. ಒಪ್ಪಿದವರು ಇನ್ನೊಮ್ಮೆ ಒತ್ತಬೇಕು ಎಂದೆ. ಯಜಮಾನರು ನಕ್ಕರು.

"ಮೇಷ್ಟ್ರೇ, ಒಂದ್ಸಲ ಹೂಂ ಅಂದ್ಮೇಲೆ ಮತ್ತೆ ಹೂಂ ಅಂತೀರಾ ಅಂತ ಯಾರಾದ್ರೂ ಕೇಳಿದ್ರೆ ನಾನು ಆ ಮನೆ ಹೆಣ್ಣೇ ತರಲ್ಲ."

ಉಳಿದವರೂ ನಕ್ಕರು. ಅವರ ನಡುವೆ ಇಷ್ಟು ವರ್ಷ ಕೆಲಸ ನಡೆದದ್ದೇ ಹಾಗೆ. ಒಬ್ಬರ ಕುಲುಮೆ ನಿಂತರೆ ಇನ್ನೊಬ್ಬರು ಎರಕ ಹುಯ್ದು ಕೊಡುತ್ತಿದ್ದರು, ಬಾಯಿಮಾತಿನ ಮೇಲೆ. ಎರಡನೇ ಸಲ ಕೇಳುವುದೆಂದರೆ ಮೊದಲನೆಯದನ್ನು ನಂಬಲಿಲ್ಲ ಎಂದರ್ಥ. ನಾನು ಅಂದು ಮನೆಗೆ ಬಂದು, ಜನರ ರೀತಿಗೆ ತಕ್ಕಂತೆ ಯಂತ್ರ ಇರಬೇಕು ಎಂದುಕೊಂಡು ಎರಡನೇ ಸುತ್ತನ್ನು ಕೈಬಿಟ್ಟೆ.

ಇದು ಸುಳ್ಳು.

ಯಜಮಾನರು ಆ ಮಾತು ಹೇಳಿದ್ದು ನಿಜ. ಆದರೆ ಅದು ನಂತರ. ಮೊನ್ನೆ ಇದನ್ನು ಬರೆಯಲು ಕೂತಾಗ ಲ್ಯಾಪ್‌ಟಾಪಿನಲ್ಲಿ ಪ್ರೋಗ್ರಾಮಿನ ಹಳೆಯ ಪ್ರತಿಗಳನ್ನು ತೆಗೆದು ನೋಡಿದೆ. ನಾನು ಎರಡನೇ ಸುತ್ತನ್ನು ತೆಗೆದದ್ದು ಆ ಸಭೆಗೆ ಎರಡು ವಾರ ಮೊದಲು. ಅಲ್ಲಿಗೆ ಹೋಗುವಾಗಲೇ ನನ್ನ ಚೀಲದಲ್ಲಿದ್ದದ್ದು ಒಂದೇ ಸುತ್ತಿನ ಪ್ರತಿ. ಹಾಗಿದ್ದ ಮೇಲೆ ಅವರ ಮುಂದೆ ಎರಡು ಸುತ್ತು ವಿವರಿಸಿದ್ದು ಯಾಕೆ? ಬೇಡ ಎಂದು ಅವರ ಬಾಯಿಂದ ಬರಲಿ ಎಂದಿರಬೇಕು. ಅಥವಾ ನಾನು ವಿವರಿಸಲೇ ಇಲ್ಲವೇನೋ, ಯಜಮಾನರು ಆ ಮಾತನ್ನು ಬೇರೆ ಯಾವುದಕ್ಕೋ ಹೇಳಿದ್ದರೇನೋ. ಟೀ ಲೋಟ ನೆನಪಿದೆ, ನಗು ನೆನಪಿದೆ. ಯಾವುದಕ್ಕೆ ನಕ್ಕೆವು ಎಂಬುದರ ಮೇಲೆ ಈಗ ಆಣೆ ಮಾಡಲಾರೆ.

ಇನ್ನೊಂದು ವಿಷಯವನ್ನೂ ಇಲ್ಲೇ ಬರೆಯಬೇಕು. ಎರಡನೇ ಸುತ್ತಿಗೆ ಮನುಷ್ಯರು ಬೇಕಾಗಿಯೇ ಇರಲಿಲ್ಲ. ಮೊದಲ ಸಲ ಸೂಪರ್‌ವೈಸರ್ ಒತ್ತಿದ ಮೇಲೆ ರಸೀದಿಯ ಕೆಲಸವನ್ನು ಕಂಪ್ಯೂಟರುಗಳೇ ತಮ್ಮತಮ್ಮಲ್ಲಿ ಮುಗಿಸಬಹುದಿತ್ತು. ಯಾರ ಮರ್ಯಾದೆಗೂ ಕುಂದು ಬರುತ್ತಿರಲಿಲ್ಲ, ಯಾರಿಗೂ ಗೊತ್ತೂ ಆಗುತ್ತಿರಲಿಲ್ಲ. ನಾನು ತೆಗೆದದ್ದು ಆ ನಾಲ್ವರಿಗಾಗಿ ಅಲ್ಲ. ಎರಡು ಸುತ್ತಿದ್ದರೆ ನನ್ನ ಕ್ರಮ ಒಂದೂವರೆ ಪುಟ ಆಗುತ್ತಿತ್ತು. ಒಂದೇ ಸುತ್ತು, ಒಂದೇ ಪುಟ ಎಂಬುದರ ಮೇಲೆ ನಾನೊಂದು ಪ್ರಬಂಧ ಬರೆದು ಕಳಿಸಿದ್ದೆ. ಸುದ್ದಿ ತಡವಾಗಿ ತಲುಪಿದರೆ ಏನು ಎಂಬ ಪ್ರಶ್ನೆಗೆ, "ಇಂಥ ಸಣ್ಣ ಜಾಲಗಳಲ್ಲಿ ಹಾಗಾಗುವ ಸಂಭವ ಇಲ್ಲವೆನ್ನಬಹುದು" ಎಂದು ಒಂದು ಸಾಲು ಸೇರಿಸಿದ್ದೆ. ಪ್ರಬಂಧ ಒಪ್ಪಿಗೆಯಾಯಿತು. ಕಾಲೇಜಿನ ಗೇಟಿಗೆ ನನ್ನ ಫೋಟೋ ಹಾಕಿ ಫ್ಲೆಕ್ಸ್ ಕಟ್ಟಿದರು. ಬಸ್ಸಿನಲ್ಲಿ ಹೋಗುವಾಗ ನಾನು ಕಿಟಕಿಯ ಕಡೆ ಕೂತು ಅದನ್ನು ನೋಡುತ್ತಿದ್ದೆ.

ಕೆಲವು ತಿಂಗಳು ಎಲ್ಲವೂ ಚೆನ್ನಾಗಿ ನಡೆಯಿತು. ಪರದೆಯ ಮೇಲಿನ ಮಾತುಗಳನ್ನೆಲ್ಲ ನಾನೇ ಕನ್ನಡದಲ್ಲಿ ಬರೆದಿದ್ದೆ. ಮೇಡಂಗೆ ಅದು ಇಷ್ಟವಾಗಿತ್ತು. ಯಂತ್ರ ಮನೆಯವರ ಹಾಗೆ ಮಾತಾಡುತ್ತದೆ ಎಂದಿದ್ದರು.

ಆ ದಿನ ನಾನು ಅಲ್ಲಿರಲಿಲ್ಲ. ಮುಂದೆ ಬರೆಯುವುದು ಕಂಪ್ಯೂಟರುಗಳ ಒಳಗೆ ಉಳಿದ ಗುರುತುಗಳಿಂದ, ಅಂದರೆ ಲಾಗಿನಿಂದ, ಮತ್ತು ಮೇಡಂ ಆಮೇಲೆ ಹೇಳಿದ್ದರಿಂದ ಜೋಡಿಸಿದ್ದು. ಇದನ್ನು ನನ್ನ ನೆನಪಿಗಿಂತ ಹೆಚ್ಚು ನಂಬಬಹುದು.

ಮಧ್ಯಾಹ್ನ ಊಟದ ನಂತರ ಯಜಮಾನರ ಫೌಂಡ್ರಿಯಿಂದ ಒಂದು ಹೀಟಿನ ಸ್ಯಾಂಪಲ್ ಬಂತು. ಮೇಡಂ ಸುಟ್ಟರು. ಮೆಗ್ನೀಷಿಯಂ ಸರಿಯಾಗಿತ್ತು. ಅದು ಕಡಿಮೆಯಾದರೆ ಎರಕ ಪೆಡಸಾಗಿ ಒಡೆಯುತ್ತದೆ, ಹಾಗಾಗಿ ಎಲ್ಲರೂ ಮೊದಲು ನೋಡುವುದು ಅದನ್ನೇ. ರೀಡಿಂಗ್ ಹಾಕಿದರು. ಪಾಳಿ ಯಜಮಾನರ ಕಂಪ್ಯೂಟರಿನದೇ ಇತ್ತು. ಅದು ಉಳಿದ ಮೂವರ ಮುಂದಿಟ್ಟಿತು. ಇಬ್ಬರು ಒತ್ತಿದರು, ಯಜಮಾನರ ಸೂಪರ್‌ವೈಸರ್ ತಾನೂ ಒತ್ತಿದ. ಮೂರು ಸಹಿ ಆ ಕಂಪ್ಯೂಟರಿಗೆ ಬಂದು ಸೇರಿದವು. ನನ್ನ ಒಂದು ಪುಟದ ಪ್ರಕಾರ ಕೆಲಸ ಮುಗಿಯಿತು, ಸರ್ಟಿಫಿಕೇಟ್ ಅಚ್ಚಾಯಿತು. ಮುಗಿಯಿತು ಎಂಬ ಸುದ್ದಿಯನ್ನು ಅದು ಉಳಿದವರಿಗೆ ಕಳಿಸುವಷ್ಟರಲ್ಲಿ ಕರೆಂಟ್ ಹೋಯಿತು. ಫೌಂಡ್ರಿಗಳ ಕಂಪ್ಯೂಟರುಗಳಿಗೆ ಯುಪಿಎಸ್ ಇತ್ತು, ಸ್ಪೆಕ್ಟ್ರೋಗೂ ಇತ್ತು. ನಾಲ್ಕನ್ನೂ ಒಂದಕ್ಕೊಂದು ಸೇರಿಸುವ ನೆಟ್ಟಿನ ಪೆಟ್ಟಿಗೆ ಮಾತ್ರ ಲ್ಯಾಬಿನ ಗೋಡೆಯ ಮೇಲೆ, ಬರೀ ಕರೆಂಟಿನ ಮೇಲೆ ನಡೆಯುತ್ತಿತ್ತು. ಅದು ಆರಿತು. ಅಲ್ಲಿಂದ ಮುಂದೆ ಯಜಮಾನರ ಕಂಪ್ಯೂಟರ್ ಒಂದಕ್ಕೇ ಗೊತ್ತಿದ್ದ ಸಂಗತಿ ಅದು. ಅಚ್ಚಾದ ಕಾಗದ ಹಿಡಿದು ಗಾಡಿ ಗೇಟು ದಾಟಿತು.

ಅದೇ ಹೊತ್ತಿಗೆ ಲ್ಯಾಬಿನಲ್ಲಿ ಮೇಡಂ ಸ್ಯಾಂಪಲ್ಲನ್ನು ಬೆಳಕಿಗೆ ಹಿಡಿದು ನೋಡಿದರು. ಸುಟ್ಟ ಕಲೆಯ ಪಕ್ಕದಲ್ಲಿ ಸೂಜಿಮೊನೆಯಷ್ಟು ತೂತು. ಒಳಗೆ ಗಾಳಿ ಕೂತ ಜಾಗದ ರೀಡಿಂಗನ್ನು ನಂಬುವ ಹಾಗಿಲ್ಲ. ಮುಖ ಉಜ್ಜಿ ಮತ್ತೆ ಸುಟ್ಟರು. ಮೆಗ್ನೀಷಿಯಂ ಕಡಿಮೆ. ಮೂರನೇ ಸಲವೂ ಕಡಿಮೆಯೇ. ಕಾಲು ಗಂಟೆಯ ನಂತರ ಕರೆಂಟ್ ಬಂತು. ಪರದೆಯ ಮೇಲೆ ನಾನು ಬರೆದ ಸಾಲು ಕಾಣಿಸಿತು: "ಹಿಂದಿನ ಪ್ರಸ್ತಾಪ ಬಿದ್ದುಹೋಗಿದೆ. ಹೊಸದನ್ನು ಸೇರಿಸಬಹುದು." ಒಳ್ಳೆಯದಾಯಿತು ಎಂದುಕೊಂಡು ಮೇಡಂ ಸರಿಯಾದ ರೀಡಿಂಗ್ ಹಾಕಿದರು. ಪಾಳಿ ಮುಂದಿನ ಫೌಂಡ್ರಿಯದು. ಮೂವರು ಒತ್ತಿದರು. ಮೊದಲ ಸಲ ಒತ್ತಿದ್ದ ಇಬ್ಬರೂ ಅದರಲ್ಲಿ ಇದ್ದರು, ಮೊದಲನೆಯದು ಬಿದ್ದುಹೋಯಿತು ಎಂದು ಅವರಿಗೂ ಪರದೆ ಹೇಳಿತ್ತಲ್ಲ. ಎರಡನೇ ಸುತ್ತು ಇದ್ದಿದ್ದರೆ ಮೊದಲನೆಯ ಕಾಗದ ಅಚ್ಚಾಗುತ್ತಲೇ ಇರಲಿಲ್ಲ. ಯಜಮಾನರ ಕಂಪ್ಯೂಟರ್ ಮಾತ್ರ ತನ್ನ ಹತ್ತಿರ ಬೇರೆಯೇ ದಾಖಲೆ ಇದೆ ಎಂದು ತಡವರಿಸಿತು. ಸೂಪರ್‌ವೈಸರ್ ಅದನ್ನು ಆರಿಸಿ ಹಚ್ಚಿದ. ಅದು ಎದ್ದು ಉಳಿದ ಮೂರರ ಪ್ರತಿಯನ್ನು ತೆಗೆದುಕೊಂಡು ಸುಮ್ಮನಾಯಿತು. ಮೊದಲನೆಯ ದಾಖಲೆ ಉಳಿದದ್ದು ಗಾಡಿಯಲ್ಲಿ ಹೋದ ಕಾಗದದ ಮೇಲೆ ಮಾತ್ರ.

ಮೇಡಂ ಫೋನು ಮಾಡಿ ಗಾಡಿ ನಿಲ್ಲಿಸಲಿಲ್ಲ. ಬಿದ್ದುಹೋದ ಪ್ರಸ್ತಾಪಕ್ಕೆ ಕಾಗದ ಬಂದಿರುತ್ತದೆ ಎಂದು ಯಾರಾದರೂ ಯಾಕೆ ಅಂದುಕೊಳ್ಳಬೇಕು?

ಪಂಪು ಕಂಪನಿಯಲ್ಲಿ ಎರಕಗಳು ಒಡೆದವು. ಅವರು ನಮ್ಮ ದಾಖಲೆ ತೆರೆದು ನೋಡಿದರು. ಕಾಗದದಲ್ಲಿ ಒಂದು ಸಂಖ್ಯೆ, ದಾಖಲೆಯಲ್ಲಿ ಇನ್ನೊಂದು, ಎರಡಕ್ಕೂ ಮೂರು ಮೂರು ಸಹಿ. ಯಜಮಾನರು ಆ ಕಾಗದದ ಫೋಟೋ ನನಗೆ ಕಳಿಸಿ ಪರೀಕ್ಷಿಸಲು ಹೇಳಿದರು. ಮನೆಯಲ್ಲಿ ಕೂತು ಸಹಿಗಳನ್ನು ತಾಳೆ ನೋಡಿದೆ. ಮೂರೂ ಅಸಲಿ. ಐದು ನಿಮಿಷವೂ ಬೇಕಾಗಲಿಲ್ಲ, ಏನಾಗಿದೆ ಎಂದು ಪೂರ್ತಿ ತಿಳಿಯಿತು. ಪಾಠದಲ್ಲಿ ನಾನು ಬಿಡಿಸುವ ಚಿತ್ರವೇ ಅದು.

ಹೆಂಡತಿ ಪಕ್ಕದಲ್ಲಿ ಹುರಳಿಕಾಯಿಯ ನಾರು ತೆಗೆಯುತ್ತಿದ್ದಳು. ಅವಳಿಗೆ ಅರ್ಧ ಹೇಳಿದೆ, ತಪ್ಪು ಮೇಡಂ ಮೇಲೆ ಬರಬಹುದು ಎಂದೆ. ಅವಳು ಕೇಳಿದಳು, "ನಿಮ್ಮ ಒಮ್ಮತದಲ್ಲಿ ಆ ಹೆಂಗಸಿಗೆ ಓಟಿತ್ತಾ?"

ಇರಲಿಲ್ಲ. ನಾಲ್ಕು ಓಟು ನಾಲ್ಕು ಫೌಂಡ್ರಿಗಳದು. ಲ್ಯಾಬು ರೀಡಿಂಗ್ ಹಾಕುತ್ತದೆ, ಅಷ್ಟೇ.

ಮಾರನೆಯ ದಿನ ಲ್ಯಾಬಿನ ಮುಂಕೋಣೆಯಲ್ಲಿ ಸೇರಿದೆವು. ನಾಲ್ವರು ಮಾಲೀಕರು, ನಾನು. ಮೇಡಂ ಸ್ಪೆಕ್ಟ್ರೋ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಕುರ್ಚಿಗಳು ಐದೇ ಇದ್ದವು. ಪ್ರಶ್ನೆಗಳೆಲ್ಲ ನನಗೆ, ಒಂದಾದ ಮೇಲೊಂದು.

"ಮೇಷ್ಟ್ರೇ, ಈ ಕಾಗದ ನಿಮ್ಮ ಕಂಪ್ಯೂಟರಿಂದ ಬಂದಿದ್ದೇ ಹೌದಾ?" ಎಂದರು ಯಜಮಾನರು.

"ಹೌದು."

"ದಾಖಲೆ ಒಳಗಿರೋದು?"

"ಅದೂ ಹೌದು."

"ಹಂಗಾದ್ರೆ ಒಂದೇ ಹೀಟಿಗೆ ಮೇಡಂ ಎರಡು ಸಲ ಬೇರೆಬೇರೆ ರೀಡಿಂಗ್ ಹಾಕಿದಾರೆ."

"ಹಾಕಿದಾರೆ."

"ಸಿಸ್ಟಮ್ ಏನಾದ್ರೂ ತಪ್ಪು ಮಾಡ್ತಾ?"

"ಇಲ್ಲ. ನಾನು ಹೆಂಗೆ ಬರೆದಿದೀನೋ ಹಂಗೇ ನಡೆದಿದೆ."

ನಾಲ್ಕು ಉತ್ತರದಲ್ಲಿ ಒಂದೂ ಸುಳ್ಳಲ್ಲ. ಇದನ್ನು ಎಷ್ಟು ಸಲ ಪರೀಕ್ಷಿಸಿದ್ದೇನೆ ಎಂದರೆ, ಸುಳ್ಳೊಂದು ಸಿಕ್ಕಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಬಾಗಿಲಿಂದ ಮೇಡಂ ಹೇಳಿದರು, "ಮೊದಲ್ನೇದು ಬಿದ್ದೋಗಿದೆ ಅಂತ ಪರದೆ ಹೇಳ್ತು. ಅದಕ್ಕೇ ಎರಡ್ನೇದು ಹಾಕ್ದೆ."

ಮಾಲೀಕರಲ್ಲಿ ಕಿರಿಯವನು ತಿರುಗಿ ನೋಡಿದ. "ಬಿದ್ದೋಗಿದ್ದು ಎದ್ದು ಗಾಡಿ ಹತ್ತಿ ಹೆಂಗೆ ಹೋಯ್ತು ಮೇಡಂ?"

ಮಾಲೀಕರೆಲ್ಲ ನಕ್ಕರು. ನಾನೂ ನಕ್ಕೆನೇ? ಒಂದು ನೆನಪಿನಲ್ಲಿ ತಲೆ ತಗ್ಗಿಸಿ ಲ್ಯಾಪ್‌ಟಾಪ್ ನೋಡುತ್ತಿದ್ದೇನೆ. ಇನ್ನೊಂದರಲ್ಲಿ ನನ್ನ ಹಲ್ಲು ಕಾಣಿಸುತ್ತಿದೆ. ಎರಡನೆಯದು ಹೆಚ್ಚು ಸ್ಪಷ್ಟವಾಗಿದೆ.

ಮೇಡಂ ನನ್ನ ಮುಖ ನೋಡಿದರು. ಪರದೆಯ ಆ ಸಾಲು ಬರೆದವನು ನಾನೆಂದು ಅವರಿಗೆ ಗೊತ್ತಿತ್ತು. ಆಗ ನಾನು, ಹೌದು, ಪರದೆ ಹಾಗೆ ಹೇಳಬಾರದಿತ್ತು, ಅದು ನನ್ನ ತಪ್ಪು ಎಂದಿದ್ದರೆ ಸಾಕಾಗಿತ್ತು. ಏಳೆಂಟು ಶಬ್ದ. ನಾನು, ಲಾಗ್ ಪೂರ್ತಿ ನೋಡಿ ಹೇಳುತ್ತೇನೆ ಎಂದೆ. ಕಾಲೇಜಿನಲ್ಲಿ ಬಡ್ತಿಯ ಸಂದರ್ಶನಕ್ಕೆ ನನ್ನ ಹೆಸರು ಹೋಗಿತ್ತು, ಪ್ರಬಂಧ ಅದರ ಜೊತೆಗೆ ಹೋಗಿತ್ತು. ಇದು ಕಾರಣ. ಇನ್ನೂ ಮರ್ಯಾದಸ್ಥ ಕಾರಣ ಒಂದಿದ್ದರೆ ಇಷ್ಟು ಹೊತ್ತಿಗೆ ಹುಡುಕಿಕೊಂಡಿರುತ್ತಿದ್ದೆ.

ವಾರದೊಳಗೆ ಮೇಡಂ ಬರುವುದು ನಿಂತಿತು. ಯಾರೂ ಅವರನ್ನು ತೆಗೆಯಲಿಲ್ಲ, ಸ್ವಲ್ಪ ದಿನ ಮನೆಯಲ್ಲಿರಿ ಎಂದರಂತೆ. ಆದರೆ ಎರಡು ಥರದ ಸರ್ಟಿಫಿಕೇಟ್ ಕೊಡುವ ಹೆಂಗಸು ಎಂಬ ಮಾತು ಅವರಿಗಿಂತ ಮೊದಲೇ ಭದ್ರಾವತಿ ತಲುಪಿತ್ತು. ಹೋಗುವ ದಿನ ಹೆದ್ದಾರಿಯ ಬಸ್ ಸ್ಟಾಪಿನಲ್ಲಿ ನನಗೆ ಸಿಕ್ಕಿದ್ದರು. ಬೇರೆಯವರಿಗೆ ಹೇಳುವಾಗ ಇಲ್ಲಿ ನಾನು, ಅವರ ಕಣ್ಣಲ್ಲಿ ನೀರಿತ್ತು ಎನ್ನುತ್ತೇನೆ. ಇರಲಿಲ್ಲ. ಟಿಫಿನ್ ಡಬ್ಬಿಯ ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿ, "ಲಾಗ್ ನೋಡಿದ್ರಾ ಸರ್," ಎಂದರು. ನೋಡುತ್ತಿದ್ದೇನೆ ಎಂದೆ. ಬಸ್ ಬಂತು.

ಅದೇ ತಿಂಗಳಲ್ಲಿ ನಾನು ಎರಡನೇ ಸುತ್ತನ್ನು ವಾಪಸ್ ಹಾಕಿದೆ. ಕಂಪ್ಯೂಟರುಗಳೇ ತಮ್ಮೊಳಗೆ ಮುಗಿಸಿಕೊಳ್ಳುವ ಹಾಗೆ. ನೆಟ್ಟಿನ ಪೆಟ್ಟಿಗೆಗೂ ಯುಪಿಎಸ್ ಕೊಡಿಸಿದೆ. ಏನು ಬದಲಾಯಿಸಿದಿರಿ ಎಂದು ಸೂಪರ್‌ವೈಸರ್ ಕೇಳಿದ್ದಕ್ಕೆ ಸಣ್ಣಪುಟ್ಟ ಸುಧಾರಣೆ ಎಂದೆ. ಅವನಿಗೆ ಗೊತ್ತಾದ ವ್ಯತ್ಯಾಸ ಒಂದೇ, ಕಾಗದ ಅಚ್ಚಾಗಲು ಒಂದು ಕ್ಷಣ ಹೆಚ್ಚು ಹಿಡಿಯುತ್ತಿತ್ತು. ಆ ಒಂದು ಕ್ಷಣವನ್ನು ಉಳಿಸಲು ನಾನು ಅಷ್ಟೆಲ್ಲ ಮಾಡಿದ್ದೆ.

ಬಡ್ತಿ ಬಂತು. ಬಂದ ಮೇಲೆ, ಒಂದು ಭಾನುವಾರ ಬೆಳಿಗ್ಗೆ ಭದ್ರಾವತಿಗೆ ಹೋದೆ. ಮೇಡಂ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಇದ್ದರು. ಸ್ಯಾಂಪಲ್ ತೆಗೆಯುವವರು ಬೇರೆ, ಇವರದು ಹೆಸರು ಬರೆದು ಚೀಟಿ ಅಂಟಿಸುವ ಕೆಲಸ. ಒಬ್ಬ ಮುದುಕಿಗೆ ತಮಿಳಿನಲ್ಲಿ, ತಿಂಡಿ ತಿಂದ ಮೇಲೆ ಮತ್ತೆ ಬರಬೇಕು ಎಂದು ವಿವರಿಸುತ್ತಿದ್ದರು. ಜನ ಕಡಿಮೆಯಾದ ಮೇಲೆ ನನ್ನನ್ನು ಬೆಂಚಿನ ಮೇಲೆ ಕೂರಿಸಿದರು. ನಾನು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದನ್ನು ಹೇಳಲು ಶುರು ಮಾಡಿದೆ. ಅರ್ಧದಲ್ಲಿ ಅವರು ಮೇಜಿನ ಡ್ರಾಯರಿನಿಂದ ಮಡಿಸಿದ ಒಂದು ಹಾಳೆ ತೆಗೆದರು. ಅದರಲ್ಲಿ ನಾಲ್ಕು ಗೆರೆ ಎಳೆದು, ಯಾರಿಗೆ ಯಾವಾಗ ಏನು ಗೊತ್ತಿತ್ತು ಎಂದು ಬಾಣದ ಗುರುತು ಹಾಕಿ ಬರೆದಿದ್ದರು. ನಾನು ಕರಿಹಲಗೆಯ ಮೇಲೆ ಬಿಡಿಸುವುದಕ್ಕಿಂತ ಚೆನ್ನಾಗಿತ್ತು. ಕರೆಂಟ್ ಹೋದ ಜಾಗದಲ್ಲಿ ಒಂದು ಅಡ್ಡಗೆರೆ.

"ನಾನೂ ಕೂತು ಬರ್ದು ನೋಡ್ದೆ ಸರ್," ಎಂದರು. "ಯಜಮಾನ್ರ ಕಂಪ್ಯೂಟರಿಗೆ ಮೂರು ಸಹಿ ಸಿಕ್ಕಿರೋದು ಬೇರೆಯವ್ರಿಗೆ ಗೊತ್ತಾಗಿಲ್ಲ. ಗೊತ್ತಾಗಿದ್ಯಾ ಅಂತ ಅದು ಕೇಳ್ಲೂ ಇಲ್ಲ. ಅಷ್ಟೇ ಅಲ್ವಾ?"

ಅಷ್ಟೇ ಎಂದೆ.

"ನನಗೆ ಹೇಳಿ ಏನ್ಮಾಡ್ತೀರ. ಅವ್ರಿಗೆ ಹೇಳಿ."

ನಾನು ಕ್ಷಮೆ ಕೇಳಿದೆ. ಅವರು ಹಾಳೆಯನ್ನು ಮತ್ತೆ ಮಡಿಸಿ ಡ್ರಾಯರಿಗೆ ಹಾಕಿದರು. ಅದನ್ನು ನನಗೆ ಕೊಡುತ್ತಾರೆ ಎಂದುಕೊಂಡು ನಾನು ಕೈ ಮುಂದೆ ಮಾಡಿದ್ದೆ.

ಯಜಮಾನರು ಬೆಳಗಿನ ಹೊತ್ತು ಗಾಂಧಿ ಬಜಾರಿನ ತಮ್ಮನ ಬಟ್ಟೆ ಅಂಗಡಿಯಲ್ಲಿ ಕೂರುತ್ತಿದ್ದರು. ಅಲ್ಲಿಗೇ ಹೋದೆ. ಥಾನುಗಳ ನಡುವೆ ಗಾದಿಯ ಮೇಲೆ ಜಾಗ ಮಾಡಿಕೊಟ್ಟರು. ಈ ಸಲ ಪೂರ್ತಿ ಹೇಳಿದೆ. ಎರಡು ಸುತ್ತು, ಒಂದು ಸುತ್ತು, ಪ್ರಬಂಧ, ಪರದೆಯ ಸಾಲು. ಅವರು ನಡುವೆ ಗಿರಾಕಿಗೆ ಒಂದು ಲುಂಗಿಯ ಅಂಚು ತೋರಿಸಿ ಮತ್ತೆ ನನ್ನ ಕಡೆ ತಿರುಗಿದರು. ಆಶ್ಚರ್ಯವೇನೂ ಕಾಣಲಿಲ್ಲ.

"ಮೇಡಂ ಅಂಥ ಕೆಲಸ ಮಾಡೋರಲ್ಲ ಅಂತ ನಮಗೆ ಗೊತ್ತಿಲ್ವಾ ಮೇಷ್ಟ್ರೇ," ಎಂದರು. "ನಾಲ್ಕೂ ಜನಕ್ಕೂ ಗೊತ್ತಿತ್ತು. ಪಂಪಿನವ್ರಿಗೆ ಯಾರದಾದ್ರೂ ಹೆಸರು ಬೇಕಿತ್ತು. ಸಿಸ್ಟಮ್ಮೇ ಸರಿ ಇಲ್ಲ ಅಂದಿದ್ರೆ ನಮ್ಮ ನಾಲ್ಕೂ ಜನದ್ದು ಹಳೇ ಸರ್ಟಿಫಿಕೇಟೆಲ್ಲಾ ಹೋಗ್ತಿತ್ತು. ನೀವೂ ಸಿಸ್ಟಮ್ ಸರಿ ಇದೆ ಅಂದ್ರಿ. ಆಯ್ತು ಅಂತ ಬಿಟ್ವಿ."

ನಾಲ್ವರೂ ಕೂತು ಇದನ್ನು ಮಾತಾಡಿಕೊಂಡಿದ್ದಿರಾ ಎಂದು ಕೇಳಿದೆ.

"ಮಾತಾಡೋದೇನಿದೆ ಅದ್ರಲ್ಲಿ."

ಇಲ್ಲಿ ನನ್ನನ್ನು ಅವರು ಬೈಯಬಹುದಿತ್ತು. ಬೈಯಲಿಲ್ಲ, ಇನ್ನೊಂದು ಮಾತು ಹೇಳಿದರು. "ಈಗ ಹೊಸಬ ಒಬ್ಬ ಇದಾನೆ ಲ್ಯಾಬಿಗೆ, ಅವನಿಗೆ ಅಷ್ಟು ಕೈ ಇಲ್ಲ. ನೀವು ಇದನ್ನ ನಿಮ್ಮ ಸಹಿ ಹಾಕಿ ಬರೆದು ಕೊಡಿ. ತಪ್ಪು ನನ್ನ ಪ್ರೋಗ್ರಾಮಿಂದು, ಈಗ ಸರಿ ಮಾಡಿದೀನಿ ಅಂತ. ಪಂಪಿನವ್ರಿಗೂ ನಾನೇ ಕಳಿಸ್ತೀನಿ. ಮೇಡಂನ ಮಾರನೇ ದಿನ ಕರೆಸ್ತೀನಿ."

ಆಗಲಿ ಎಂದೆ. ಒಪ್ಪಿಗೆ ಕೊಟ್ಟು ಅಂಗಡಿ ಇಳಿದೆ. ಅದೇ ಬೀದಿಯಲ್ಲಿ ಬಿಳಿ ಹಾಳೆ, ಕವರು ತೆಗೆದುಕೊಂಡೆ.

ಪತ್ರ ಆರು ಸಾಲಿನದು. ಅದನ್ನು ಬರೆಯುವುದು ಕಷ್ಟವಾಗಲಿಲ್ಲ. ಕವರಿನಲ್ಲಿ ಹಾಕಿ ಅಂಟಿಸಿದ್ದೂ ಆಯಿತು. ಒಮ್ಮೆ ಕೊಟ್ಟೇಬಿಡೋಣ ಎಂದು ಬಸ್ಸಿನಲ್ಲಿ ಹೊರಟವನು ಮಾಚೇನಹಳ್ಳಿ ಎಂದು ಕಂಡಕ್ಟರ್ ಕೂಗಿದಾಗ ಎದ್ದು ನಿಂತು, ಮತ್ತೆ ಕೂತು, ಭದ್ರಾವತಿಯವರೆಗೆ ಹೋಗಿ ಅದೇ ಬಸ್ಸಿನಲ್ಲಿ ಹಿಂದಿರುಗಿದೆ. ಆ ಪತ್ರ ಪಂಪು ಕಂಪನಿಗೆ ಹೋದರೆ ಪ್ರಬಂಧದ ಆ ಒಂದು ಸಾಲನ್ನು ಯಾರಾದರೂ ಓದುತ್ತಾರೆ. ಪ್ರಬಂಧ ಹಿಂದಕ್ಕೆ ತೆಗೆದುಕೊಳ್ಳಬೇಕಾಗುತ್ತದೆ, ಬಡ್ತಿಯ ಕಡತ ಮತ್ತೆ ತೆರೆಯುತ್ತದೆ. ಆಗಬೇಕಾದದ್ದೇ ಅದು. ನಮ್ಮ ಹುಡುಗರಿಗೆ ನಾನು ಹೇಳುವುದಾದರೆ ಹಾಗೇ ಹೇಳುತ್ತೇನೆ.

ಆರು ಸಾಲಿಗೆ ಇನ್ನಷ್ಟು ವಿವರ ಬೇಕು ಎಂದು ಮನಸ್ಸಿಗೆ ಹೇಳಿಕೊಂಡು ಬರೆಯಲು ಕೂತದ್ದು ಇದು. ಇಷ್ಟು ಉದ್ದವಾಗಿದೆ. ಇದರಲ್ಲಿ ಯಾರ ಹೆಸರೂ ಇಲ್ಲ, ಹಾಗಾಗಿ ಇದನ್ನು ತೋರಿಸಿದರೆ ಯಜಮಾನರಿಗೆ ಮೇಡಂ ಅವರನ್ನು ಕರೆಸಲು ಆಗುವುದಿಲ್ಲ, ಪಂಪು ಕಂಪನಿ ನಂಬುವುದೂ ಇಲ್ಲ. ನನಗೆ ಅದು ಗೊತ್ತಿದ್ದೇ ಹೆಸರು ಬಿಟ್ಟಿದ್ದೇನೆ.

ಮೇಡಂ ಒಮ್ಮೆ ಫೋನು ಮಾಡಿದ್ದರು. ಯಜಮಾನರು ಯಾರ ಕೈಯಲ್ಲೋ ಹೇಳಿ ಕಳಿಸಿದ್ದರಂತೆ, ಮೇಷ್ಟ್ರ ಕಾಗದ ಬಂದ ಕೂಡಲೇ ಬರಬೇಕು ಎಂದು. ಅವರು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ತಿಂಗಳ ಕೊನೆಗೆ ಬಿಡುವುದಾಗಿ ಹೇಳಿಬಿಟ್ಟಿದ್ದರು.

"ಕೊಟ್ರಾ ಸರ್?"

"ನಾಳೆ ಕೊಡ್ತೀನಿ," ಎಂದೆ.

ಆ ತಿಂಗಳು ಮುಗಿದು ಇದು ಎರಡನೆಯ ತಿಂಗಳು. ರಕ್ತಪರೀಕ್ಷೆಯವರು ಅವರ ಜಾಗಕ್ಕೆ ಬೇರೆ ಯಾರನ್ನೋ ತೆಗೆದುಕೊಂಡಿದ್ದಾರೆ ಎಂದು ಕೇಳಿದ್ದೇನೆ. ಮೇಡಂ ಆಮೇಲೆ ಫೋನು ಮಾಡಿಲ್ಲ.